ಬೇಕಾದ ದಿನ, ಹೇಳಬೇಕಾದ ದಿನ

ಕಟ್ಟಡದ ಮಾತು: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲದ ಪತ್ರಗಳನ್ನು ಮೇಜಿನ ಮೇಲೆ ಹರಡಿಕೊಂಡು ಕೂತೆ. ಗೋಡೆ ಬಿರುಕು, ಮಾಳಿಗೆ ಸೋರಿಕೆ, ವಾಸ್ತು ಇವೆಲ್ಲ ಯಾವಾಗಲೂ ಇದ್ದದ್ದೇ. ಆದರೆ ಈ ಬಾರಿ ಅರ್ಧಕ್ಕರ್ಧ ಪತ್ರಗಳಲ್ಲಿ ಒಂದೇ ಗೋಳು: ಸಾಮಾನು ಬರಲಿಲ್ಲ, ಕೆಲಸ ನಿಂತಿದೆ. ಹಾಗಾಗಿ ಉಳಿದವನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟು ಇಂಥವನ್ನಷ್ಟೇ ಆರಿಸಿಕೊಂಡಿದ್ದೇನೆ. ನಾನು ಈ ದಂಧೆಗೆ ಕಾಲಿಟ್ಟಿದ್ದು ತೋರಣಗಲ್ಲು ಕಡೆಯ ಒಂದು ಸೈಟಿನಲ್ಲಿ, ಸ್ಟೋರ್ ಕೀಪರ್ ಆಗಿ. ಸಾಮಾನು ಬರದಿದ್ದರೆ ಮೊದಲು ಬೈಸಿಕೊಳ್ಳುವವನು ಸ್ಟೋರಿನವನೇ. ಆಮೇಲೆ ಪ್ಲಾನಿಂಗ್ ಕೆಲಸಕ್ಕೆ ಹಾಕಿದರು. ಈಗ ಕೊಪ್ಪಳದಲ್ಲಿ ಕೂತು ಮನೆ, ಗೋದಾಮು, ಮಿಲ್ಲು ಕಟ್ಟುವವರಿಗೆ ಲೆಕ್ಕ ಹಾಕಿಕೊಡುತ್ತೇನೆ. ಬೈಸಿಕೊಂಡ ನೆನಪು ಮಾತ್ರ ಇನ್ನೂ ಹೋಗಿಲ್ಲ.

ಪ್ರಶ್ನೆ: ಕುಷ್ಟಗಿಯಲ್ಲಿ 1,100 ಚದರಡಿ ಮನೆ ಕಟ್ಟಿಸುತ್ತಿದ್ದೇನೆ. ಡಿಸೆಂಬರ್ 12ಕ್ಕೆ ಸ್ಲ್ಯಾಬ್ ಬಿತ್ತು. ಜನವರಿ 5ಕ್ಕೆ ಗೌಂಡಿಗಳು ಗೋಡೆ ಎಬ್ಬಿಸಲು ಬಂದರು. ಬಾಗಿಲು, ಕಿಟಕಿ ಚೌಕಟ್ಟು ಇರಲಿಲ್ಲ. ಅವತ್ತೇ ಬಡಿಗೇರರ ಹತ್ತಿರ ಓಡಿದೆ. "ಕಟ್ಟಿಗೆ ಹಸಿ ಇದೆ, ಒಂದೂವರೆ ತಿಂಗಳು ಬೇಕು" ಅಂದರು. ಗೌಂಡಿಗಳು ನಾಲ್ಕು ದಿನ ಕಾದು ಗಂಗಾವತಿಗೆ ಬೇರೆ ಕೆಲಸಕ್ಕೆ ಹೋದರು. ಇದರಲ್ಲಿ ತಪ್ಪು ಯಾರದು? ಈಗ ಏನು ಮಾಡಲಿ?
(ಶಾಲಾ ಶಿಕ್ಷಕರು, ಕುಷ್ಟಗಿ)

ಉತ್ತರ: ಮಾಸ್ತರೇ, ಬೇಜಾರು ಮಾಡಿಕೊಳ್ಳಬೇಡಿ. ಬಡಿಗೇರರದೂ ಅಲ್ಲ, ಗೌಂಡಿಗಳದೂ ಅಲ್ಲ. ಚೌಕಟ್ಟು ಜನವರಿ 5ಕ್ಕೆ ಬೇಕು ಅಂತ ನಿಮಗೆ ಗೊತ್ತಾಗಿದ್ದು ಜನವರಿ 5ಕ್ಕೆ.

ಕ್ಯಾಲೆಂಡರ್ ತೆಗೆದು ಹಿಂದಕ್ಕೆ ಎಣಿಸೋಣ. ಬಡಿಗೇರರು ಕೇಳಿದ್ದು 45 ದಿನ. ಜನವರಿ 5ರಿಂದ 45 ದಿನ ಹಿಂದೆ ಹೋದರೆ ನವೆಂಬರ್ 21. ಅವತ್ತು ನಿಮ್ಮ ಸೈಟಿನಲ್ಲಿ ಏನು ನಡೆದಿತ್ತು? ಬಹುಶಃ ಕಾಲಮ್ಮಿಗೆ ಬಾಕ್ಸ್ ಕಟ್ಟುತ್ತಿದ್ದರು. ಬಾಗಿಲಿನ ಯೋಚನೆ ಯಾರ ತಲೆಯಲ್ಲೂ ಇರುವುದಿಲ್ಲ, ಅಲ್ವಾ? ಆದರೆ ಬಾಗಿಲಿನ ಮಾತು ಆಡಬೇಕಾದ ದಿನ ಅದೇ. ಸ್ಲ್ಯಾಬ್ ಹಾಕಿದ ಮೇಲೆ ಕಡಿಮೆ ಅಂದರೂ 14 ದಿನ ಬೀಮಿನ ಕೆಳಗಿನ ಗೂಟ ತೆಗೆಯುವಂತಿಲ್ಲ. ಅಷ್ಟು ದಿನ ಸೈಟಿನಲ್ಲಿ ನೀರು ಹೊಡೆಯುವುದು ಬಿಟ್ಟು ಬೇರೆ ಕೆಲಸವೇ ಇಲ್ಲ. ನಿಮ್ಮಲ್ಲಿ ಡಿಸೆಂಬರ್ 12ರಿಂದ ಜನವರಿ 5ರವರೆಗೆ 24 ದಿನ ಹಾಗೇ ಹೋಗಿವೆ. ಸೈಟು ಸುಮ್ಮನಿರುವ ಹೊತ್ತಿನಲ್ಲೇ ಬಡಿಗೇರರ ಅಂಗಡಿಯಲ್ಲಿ ಕೆಲಸ ನಡೆಯಬೇಕಿತ್ತು.

ನಾನು ಮನೆ ಕಟ್ಟಿಸುವವರಿಗೆ ಒಂದು ಇನ್ನೂರು ಪೇಜಿನ ನೋಟ್‌ಬುಕ್ ಕೊಡಿಸುತ್ತೇನೆ. ಒಂದೊಂದು ಸಾಮಾನಿಗೆ ಒಂದೊಂದು ಸಾಲು, ಅದರಲ್ಲಿ ನಾಲ್ಕು ತಾರೀಖು. ಬೇಕಾದ ದಿನ, ಹೇಳಬೇಕಾದ (ಅಂದರೆ ಆರ್ಡರ್ ಕೊಡಬೇಕಾದ) ದಿನ, ಹೇಳಿದ ದಿನ, ಬಂದ ದಿನ. ಮೊದಲಿನ ಎರಡನ್ನು ಬುನಾದಿ ಅಗೆಯುವ ಮುಂಚೆಯೇ ಪೆನ್ಸಿಲಿನಲ್ಲಿ ಬರೆಯಬೇಕು. ಕೆಲಸ ಹಿಂದೆ ಮುಂದೆ ಆದಂತೆ ಅಳಿಸಿ ಬರೆಯುತ್ತಾ ಹೋಗುವುದು. ಸ್ಲ್ಯಾಬ್ ಹತ್ತು ದಿನ ತಡವಾದರೆ ಚೌಕಟ್ಟಿನ "ಬೇಕಾದ ದಿನ"ವೂ ಹತ್ತು ದಿನ ಮುಂದೆ ಹೋಗುತ್ತೆ. ಅಷ್ಟೇ ವಿದ್ಯೆ. ಕಂಪ್ಯೂಟರ್ ಬೇಕಿಲ್ಲ.

ಇನ್ನೊಂದು ಮಾತು. ಮುಂಬಾಗಿಲು ನಿಲ್ಲಿಸಲು ನೀವು ಮುಹೂರ್ತ ಕೇಳೇ ಕೇಳುತ್ತೀರಿ. ಸ್ವಾಮಿಗಳು "ಮುಂದಿನ ವಾರ ಬೇಡ, ಆಚೆ ಸೋಮವಾರ" ಅಂದರೆ ಅದೂ ಲೆಕ್ಕಕ್ಕೆ ಬರಬೇಕು. ಮುಹೂರ್ತ ಸಿಕ್ಕಿ ಚೌಕಟ್ಟು ಇಲ್ಲದಿದ್ದರೆ ಮತ್ತೆ ಹದಿನೈದು ದಿನ.

ಈಗ ಏನು ಮಾಡಬೇಕು ಅಂದಿರಿ. ದಯವಿಟ್ಟು ಹಸಿ ಕಟ್ಟಿಗೆಗೆ ಒಪ್ಪಬೇಡಿ. ನಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ ಅದು ಒಣಗಿ, ತಿರುಚಿ, ಗೋಡೆಗೂ ಚೌಕಟ್ಟಿಗೂ ನಡುವೆ ಬೆರಳು ತೂರುವಷ್ಟು ಸಂದು ಬಿಡುತ್ತೆ. ಮಳೆಗಾಲಕ್ಕೆ ಬಾಗಿಲು ಹಾಕಿಕೊಳ್ಳುವುದಿಲ್ಲ. ಅದರ ಬದಲು ಗೌಂಡಿಗಳನ್ನು ವಾಪಸ್ ಕರೆಸಿ. ನಿಮ್ಮದು ಕಾಲಮ್ಮಿನ ಮನೆ, ಗೋಡೆ ಮೇಲೆ ಭಾರ ಇಲ್ಲ. ಕಿಟಕಿ ಮತ್ತು ಒಳಬಾಗಿಲುಗಳಿಗೆ ಅಳತೆ ಹಿಡಿದು, ಅಕ್ಕಪಕ್ಕ ಒಂದೊಂದು ಇಂಚು ಜಾಸ್ತಿ ಕಿಂಡಿ ಬಿಟ್ಟು ಗೋಡೆ ಎಬ್ಬಿಸಲಿ. ಲಿಂಟಲ್ ಹಾಕಲಿ. ಚೌಕಟ್ಟು ಬಂದ ಮೇಲೆ ಕೂರಿಸಿ ಸಂದಿಗೆ ಗಾರೆ ತುಂಬಬಹುದು. ಕಿಟಕಿಗೆ ಅಲ್ಯೂಮಿನಿಯಂ ಅಥವಾ ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್) ಹಾಕುವ ಮನಸ್ಸಿದ್ದರೆ ಇನ್ನೂ ಸಲೀಸು. ಅದರ ಅಳತೆ ತೆಗೆಯುವುದೇ ಪ್ಲಾಸ್ಟರ್ ಹೊತ್ತಿಗೆ. ಮುಂಬಾಗಿಲ ಕಡೆಯ ಗೋಡೆ ಒಂದನ್ನು ಮಾತ್ರ ಬಿಟ್ಟಿಡಿ. ಪೂಜೆಯ ದಿನ ಅದನ್ನು ಎಬ್ಬಿಸಿದರಾಯಿತು.

ಅಂದ ಹಾಗೆ, ಬಾತ್‌ರೂಮಿನ ಡೈವರ್ಟರ್, ಅಂದರೆ ನೀರನ್ನು ನಲ್ಲಿಗೋ ಶವರಿಗೋ ತಿರುಗಿಸುವ ವಾಲ್ವು, ಆರಿಸಿದ್ದೀರಾ? ಗೋಡೆಯೊಳಗೆ ಹೂತಿಡುವ ನಲ್ಲಿ, ಗೋಡೆಯೊಳಗೆ ಕೂರುವ ಫ್ಲಶ್ ಟ್ಯಾಂಕು ಇವೆಲ್ಲ ಕಣ್ಣಿಗೆ ಕಾಣುವುದು ಕೊನೆಗೆ. ಆದರೆ ಅವುಗಳ ಒಡಲು ಟೈಲ್ಸಿಗೆ ಮೊದಲೇ ಗೋಡೆ ಸೇರಬೇಕು. "ನಲ್ಲಿ ಅಲ್ವಾ, ಕೊನೆಗೆ ನೋಡೋಣ" ಅಂದವರು ಹೊಸ ಟೈಲ್ಸ್ ಒಡೆಸಿದ್ದನ್ನು ನಾನು ಒಂದಲ್ಲ, ನಾಲ್ಕು ಮನೆಯಲ್ಲಿ ನೋಡಿದ್ದೇನೆ.

ಪ್ರಶ್ನೆ: ರಾಯಚೂರಿನಲ್ಲಿ ಮುಂದಿನ ತಿಂಗಳು 1,200 ಚದರಡಿ ಮನೆ ಶುರು ಮಾಡುತ್ತೇವೆ. ನವೆಂಬರಿಗೆ ಮುಗಿಸುವ ಅಂದಾಜು. ಮನೆಗೆ ಬೇಕಾದ ಸಿಮೆಂಟು, ಕಬ್ಬಿಣ ಪೂರ್ತಿ ಈಗಲೇ ಕೊಂಡು ಹಾಕಿಬಿಡು, ಆಮೇಲೆ ರೇಟು ಏರುತ್ತೆ ಅಂತ ನಮ್ಮ ಮಾವನವರು ಹೇಳುತ್ತಿದ್ದಾರೆ. ಹೇಗೂ ಬೇಗ ತರಿಸಿದರೆ ತಡವಾಗುವ ಚಿಂತೆಯೂ ಇಲ್ಲವಲ್ಲ?
(ಗೃಹಿಣಿ, ರಾಯಚೂರು)

ಉತ್ತರ: ತಾಯಿ, ಮಾವನವರ ಮಾತು ಅರ್ಧ ಸರಿ. ಆ ಅರ್ಧ ಯಾವುದು ಅಂತ ನೋಡೋಣ.

1,200 ಚದರಡಿಗೆ ಅಂದಾಜು 480 ಚೀಲ ಸಿಮೆಂಟು ಬೇಕಾಗುತ್ತೆ. ಚದರಡಿಗೆ 0.4 ಚೀಲ ಅನ್ನುವುದು ನಮ್ಮ ಬಾಯಿಲೆಕ್ಕ. ಬುನಾದಿ, ಪ್ಲಿಂತ್ ಮುಗಿಯುವವರೆಗೆ ಇದರಲ್ಲಿ ನೂರು, ನೂರಿಪ್ಪತ್ತು ಚೀಲ ಹೋಗಬಹುದು. ಉಳಿದದ್ದು ಎಲ್ಲಿರುತ್ತೆ? ಶೆಡ್ಡಿನಲ್ಲಿ. ಮೂರು ತಿಂಗಳು ಇಟ್ಟ ಸಿಮೆಂಟು ಸುಮಾರು ಐದನೇ ಒಂದು ಪಾಲು ಶಕ್ತಿ ಕಳೆದುಕೊಳ್ಳುತ್ತೆ. ಮಳೆಗಾಲದ ಥಂಡಿ ಗಾಳಿಗೆ ಅದು ಇನ್ನೂ ಬೇಗ. ಪ್ಲಾಸ್ಟರ್ ಹೊತ್ತಿಗೆ ಚೀಲ ಬಿಚ್ಚಿದರೆ ಒಳಗೆ ಗಂಟು. ಗಂಟನ್ನು ಸಲಿಕೆಯಲ್ಲಿ ಕುಟ್ಟಿ ಪುಡಿ ಮಾಡಿ ಕಲಸುವ ಗೌಂಡಿಗಳೂ ಇದ್ದಾರೆ. ಅಂಥದ್ದನ್ನು ಕಂಡರೆ ನಿಲ್ಲಿಸಿ.

ಹಾಗಾಗಿ ಸಿಮೆಂಟು 15, 20 ದಿನಕ್ಕೆ ಸಾಕಾಗುವಷ್ಟು ಮಾತ್ರ. ಬಂದ ಲೋಡಿನ ಚೀಲ ನೋಡಿ. ತಯಾರಾದ ವಾರ, ತಿಂಗಳು, ವರ್ಷ ಅದರ ಮೇಲೇ ಅಚ್ಚಾಗಿರುತ್ತೆ. ಹಮಾಲರು ಇಳಿಸುವ ಮುಂಚೆ ನೋಡಬೇಕು, ಇಳಿಸಿದ ಮೇಲೆ ಜಗಳ ಮಾಡಿ ಉಪಯೋಗವಿಲ್ಲ. ನೆಲಕ್ಕೆ ತಾಗದಂತೆ ಅರ್ಧ ಅಡಿ ಎತ್ತರಕ್ಕೆ ಹಲಗೆ, ಗೋಡೆಯಿಂದ ಒಂದಡಿ ದೂರ, ಹತ್ತು ಚೀಲಕ್ಕಿಂತ ಎತ್ತರ ಬೇಡ. ಮೊದಲು ಬಂದದ್ದು ಮೊದಲು ಖರ್ಚಾಗಬೇಕು. ಹೊಸ ಲೋಡನ್ನು ಹಳೆಯದರ ಮುಂದೆ ಒಟ್ಟಿದರೆ ಹಿಂದಿನದು ಅಲ್ಲೇ ಕಲ್ಲಾಗುತ್ತೆ.

ಕಬ್ಬಿಣ ಅಷ್ಟು ಬೇಗ ಕೆಡುವುದಿಲ್ಲ. ಆದರೆ 1,200 ಚದರಡಿಗೆ ನಾಲ್ಕೂವರೆ, ಐದು ಟನ್ ಅಂದರೆ ದುಡ್ಡೆಷ್ಟು? ಅಷ್ಟು ಹಣ ಅಂಗಳದಲ್ಲಿ ಮಲಗಿದ್ದರೆ ಗೌಂಡಿಗಳ ವಾರದ ಪಗಾರಕ್ಕೆ ಪರದಾಡಬೇಕಾಗುತ್ತೆ. ರೇಟು ಏರುವ ಭಯವಿದ್ದರೆ ಅಂಗಡಿಯವರ ಹತ್ತಿರ ಬುಕ್ಕಿಂಗ್ ಮಾತಾಡಿ. ಸ್ವಲ್ಪ ಅಡ್ವಾನ್ಸ್ ಕೊಟ್ಟು ಇವತ್ತಿನ ದರ ಬರೆಸಿಕೊಂಡು, ಬೇಕಾದಾಗ ಎತ್ತುವುದು. ಬಾಯಿಮಾತು ಬೇಡ, ಚೀಟಿ ಮೇಲೆ ಬರೆಸಿಕೊಳ್ಳಿ. ನಮ್ಮ ಸುತ್ತ ತೋರಣಗಲ್ಲು, ಗಿಣಿಗೇರಾದಲ್ಲಿ ಉಕ್ಕಿನ ಕಾರ್ಖಾನೆಗಳಿವೆ, ರಾಡಿಗೇನು ಬರ ಅಂತ ಜನ ಅಂದುಕೊಳ್ಳುತ್ತಾರೆ. ಸ್ಲ್ಯಾಬಿನ ಹಿಂದಿನ ದಿನ ಅಂಗಡಿಗೆ ಹೋಗಿ 8 ಎಂಎಂ ಕೇಳಿದಾಗ "10 ಇದೆ, 12 ಇದೆ, 8 ನಾಳಿದ್ದು ಬರುತ್ತೆ" ಅನ್ನಿಸಿಕೊಂಡವರಿಗೆ ಗೊತ್ತು. ಎಂಜಿನಿಯರ್ ಹತ್ತಿರ ಯಾವ ಸೈಜು ಎಷ್ಟು ಅಂತ ಪಟ್ಟಿ ಮಾಡಿಸಿ, ಸ್ಲ್ಯಾಬಿಗೆ ಎರಡು ವಾರ ಮೊದಲು ಕೊಟ್ಟಿಡಿ.

ಇನ್ನು ಮಾವನವರು ಸರಿ ಇರುವ ಅರ್ಧ. ಉಸುಕು ಮತ್ತು ಇಟ್ಟಂಗಿಯನ್ನು ಮಳೆಗೆ ಮೊದಲು ತರಿಸಿಬಿಡಿ. ಮಳೆಗಾಲದಲ್ಲಿ ಹೊಳೆಯಿಂದ ಉಸುಕು ತೆಗೆಯುವಂತಿಲ್ಲ. ಕೆಂಪು ಇಟ್ಟಂಗಿ ಭಟ್ಟಿಗಳೂ ಮಳೆಯಲ್ಲಿ ನಿಲ್ಲುತ್ತವೆ. ಶಕ್ತಿನಗರದ ವಿದ್ಯುತ್ ಸ್ಥಾವರದ ಬೂದಿಯಿಂದ ಮಾಡಿದ ಇಟ್ಟಂಗಿ ನಿಮ್ಮೂರಲ್ಲಿ ಸುಲಭವಾಗಿ ಸಿಗುತ್ತೆ. ಆದರೆ ಅದಕ್ಕೂ ನೀರು ಕುಡಿಸಿ ಮೂರು ವಾರ ಬಿಟ್ಟಿರಬೇಕು. ನಿನ್ನೆ ಅಚ್ಚು ಹಾಕಿದ್ದನ್ನು ಇವತ್ತು ಲೋಡ್ ಮಾಡಿದರೆ ಇಳಿಸುವಾಗಲೇ ಮೂಲೆ ಉದುರುತ್ತೆ. ಎಲ್ಲಕ್ಕಿಂತ ಮುಖ್ಯ, ನಿಮ್ಮ ಪ್ಲಾಟು ಎರೆಭೂಮಿಯ ಹೊಸ ಲೇಔಟಿನಲ್ಲಿದ್ದರೆ ಒಂದು ಹದ ಮಳೆ ಸಾಕು, ಟಿಪ್ಪರು ಒಳಗೆ ಬರುವುದಿಲ್ಲ. ಸಾಮಾನು ಮುಖ್ಯರಸ್ತೆವರೆಗೆ ತಂದು ಅಲ್ಲೇ ಸುರಿದು ಹೋಗುತ್ತಾರೆ. ಅಲ್ಲಿಂದ ಟ್ರ್ಯಾಕ್ಟರ್ ಬಾಡಿಗೆ ನಿಮ್ಮ ತಲೆಗೆ.

ಪ್ರಶ್ನೆ: ಕಾರಟಗಿ ಬಳಿ ಹೊಸ ರೈಸ್ ಮಿಲ್ ಹಾಕುತ್ತಿದ್ದೇವೆ. ನವೆಂಬರ್ ಸುಗ್ಗಿಗೆ ಭತ್ತ ಹಾಕಲೇಬೇಕು. ಮೊದಲು ಶೆಡ್ಡು, ಫೌಂಡೇಶನ್ ಮುಗಿಸಿ, ಜುಲೈ ಹೊತ್ತಿಗೆ ಮಷಿನ್ ಆರ್ಡರ್ ಕೊಟ್ಟರೆ ಸಾಕು ಅಂತ ನಮ್ಮ ಲೆಕ್ಕ. ಮೊದಲೇ ಆರ್ಡರ್ ಕೊಟ್ಟು ದುಡ್ಡು ಯಾಕೆ ಸಿಕ್ಕಿಸಿಕೊಳ್ಳಬೇಕು?
(ಭತ್ತದ ವ್ಯಾಪಾರಿ, ಕಾರಟಗಿ)

ಉತ್ತರ: ಸಾವ್ಕಾರ್ರೇ, ಸ್ವಲ್ಪ ನಿಲ್ಲಿ. ಫೌಂಡೇಶನ್ ಯಾವ ಅಳತೆಗೆ ಹಾಕುತ್ತೀರಿ?

ಮಿಲ್ಲಿನ ಪ್ರತಿ ಮಷಿನ್ನಿಗೂ ಅದರದೇ ತೂಕ, ಅದರದೇ ಅದುರು, ಅದರದೇ ಬೋಲ್ಟಿನ ಅಂತರ. ಭತ್ತ ಮೇಲೆತ್ತುವ ಎಲಿವೇಟರಿನ ಗುಂಡಿ ಎಷ್ಟು ಆಳ, ಪಾಲಿಷರ್ ಕೆಳಗೆ ತೌಡು ಬೀಳುವ ದಾರಿ ಎತ್ತ ಕಡೆ, ಇವೆಲ್ಲ ಮಷಿನ್ ಕಂಪನಿ ಕೊಡುವ ಡ್ರಾಯಿಂಗಿನಲ್ಲಿ ಇರುತ್ತೆ. ಆ ಡ್ರಾಯಿಂಗು ಯಾವಾಗ ಸಿಗುತ್ತೆ? ಅಡ್ವಾನ್ಸ್ ಕೊಟ್ಟ ಮೇಲೆ. ಮಷಿನ್ನು ಕೊನೆಗೆ ಬೇಕು, ನಿಜ. ಅದರ ಕಾಗದ ಮಾತ್ರ ಎಲ್ಲಕ್ಕಿಂತ ಮೊದಲು ಬೇಕು. ಮೂರು ಮಹಡಿಗೆ ಲಿಫ್ಟ್ ಹಾಕಿಸುವವರಿಗೂ ಇದೇ ಮಾತು ಹೇಳುತ್ತೇನೆ. ಲಿಫ್ಟಿನ ಗುಂಡಿ ಬುನಾದಿ ಮಟ್ಟದಲ್ಲಿರುತ್ತೆ, ಲಿಫ್ಟು ಮಾತ್ರ ಕೊನೆಯಲ್ಲಿ ಬರುತ್ತೆ.

ನಿಮ್ಮ ಲೆಕ್ಕವನ್ನೇ ಹಿಂದಿನಿಂದ ಎಣಿಸುತ್ತೇನೆ. ನವೆಂಬರ್ 1ಕ್ಕೆ ಮಿಲ್ಲು ಓಡಬೇಕು. ಟ್ರಯಲ್‌ಗೆ ಹದಿನೈದು ದಿನವಾದರೂ ಬೇಕು, ಏಕೆಂದರೆ ಮೊದಲ ವಾರದ ಅಕ್ಕಿ ನುಚ್ಚೇ ಆಗಿರುತ್ತೆ. ಅಂದರೆ ಅಕ್ಟೋಬರ್ ಮಧ್ಯಕ್ಕೆ ಜೋಡಣೆ ಮುಗಿದಿರಬೇಕು. ಜೋಡಣೆಗೆ ಒಂದೂವರೆ ತಿಂಗಳು ಇಟ್ಟರೆ ಸೆಪ್ಟೆಂಬರ್ 1ಕ್ಕೆ ಮಷಿನ್ನು ಅಂಗಳದಲ್ಲಿ ಇಳಿಯಬೇಕು. ಕಂಪನಿಯವರು ನಾಲ್ಕು ತಿಂಗಳು ಅಂತಾರೆ ಅಂದುಕೊಳ್ಳಿ, 120 ದಿನ. ನಾನು ಅದಕ್ಕೆ 20 ದಿನ ಸೇರಿಸುತ್ತೇನೆ. ಸೆಪ್ಟೆಂಬರ್ 1ರಿಂದ 140 ದಿನ ಹಿಂದೆ, ಏಪ್ರಿಲ್ 14. ನೀವು ಜುಲೈ ಅಂತಿದ್ದೀರಿ. ಜುಲೈಗೆ ಹೇಳಿದರೆ ಮಷಿನ್ನು ಬರುವುದೇ ನವೆಂಬರಿಗೆ. ಹೊಸ ಭತ್ತದ ಲಾರಿಗಳು ನಿಮ್ಮ ಗೇಟು ದಾಟಿ ಪಕ್ಕದ ಮಿಲ್ಲಿಗೆ ಹೋಗುವುದನ್ನು ನೋಡುತ್ತಾ ನಿಲ್ಲಬೇಕಾಗುತ್ತೆ.

ಏಪ್ರಿಲ್ ಮಧ್ಯಕ್ಕೆ ಅಡ್ವಾನ್ಸ್ ಹೋದರೆ ಮೇ ಮೊದಲ ವಾರಕ್ಕೆ ಡ್ರಾಯಿಂಗು ಕೈಗೆ ಬರುತ್ತೆ. ಮೇ, ಜೂನ್ ಫೌಂಡೇಶನ್‌ಗೆ ಸರಿಯಾಗಿ ಸಿಗುತ್ತೆ. ಮಷಿನ್ ಕೂರಿಸುವ ಮುಂಚೆ ಆ ಕಾಂಕ್ರೀಟಿಗೆ 28 ದಿನ ಆಗಿರಬೇಕು. ಬಾಯ್ಲರ್ ಇದ್ದರೆ ಅದರ ನೋಂದಣಿ, ತಪಾಸಣೆ ಆಗದೆ ಉರಿ ಹಾಕುವಂತಿಲ್ಲ. ಟ್ರಾನ್ಸ್‌ಫಾರ್ಮರ್ ಮತ್ತು ವಿದ್ಯುತ್ ಮಂಜೂರಾತಿಗೆ ಅರ್ಜಿಯನ್ನು ಮಷಿನ್ ಆರ್ಡರ್ ಕೊಟ್ಟ ವಾರದಲ್ಲೇ ಹಾಕಿ. ಎಷ್ಟು ಕಿಲೋವ್ಯಾಟ್ ಬೇಕು ಅನ್ನುವುದು ಮಷಿನ್ ಪಟ್ಟಿ ಆದ ಮೇಲೆಯೇ ಗೊತ್ತಾಗುವುದು, ಹಾಗಾಗಿ ಅದೂ ಇದಕ್ಕೇ ತಗಲಿಕೊಂಡಿದೆ.

ದುಡ್ಡು ಸಿಕ್ಕಿಹಾಕಿಕೊಳ್ಳುವ ಮಾತು ಸರಿ. ಅದಕ್ಕೆ ದಾರಿ ಇದೆ. ಅಡ್ವಾನ್ಸ್ ಸಣ್ಣದಾಗಿ ಮಾತಾಡಿ, ಡ್ರಾಯಿಂಗು ಕೊಟ್ಟಾಗ ಇಷ್ಟು, ಮಷಿನ್ ತಯಾರಾದಾಗ ಇಷ್ಟು, ಅಂಗಳಕ್ಕೆ ಬಂದಾಗ ಇಷ್ಟು ಅಂತ ಕಂತು ಮಾಡಿಕೊಳ್ಳಿ. ಮಷಿನ್ ರೆಡಿ ಇದ್ದರೂ ನಾವು ಹೇಳಿದ ಮೇಲೆಯೇ ಲೋಡ್ ಮಾಡಬೇಕು ಅಂತಲೂ ಬರೆಸಿ. ಇಲ್ಲದಿದ್ದರೆ ಆಗಸ್ಟ್ ಮಳೆಯಲ್ಲಿ, ಮೇಲ್ಛಾವಣಿ ಇಲ್ಲದ ಶೆಡ್ಡಿಗೆ ಕಲರ್ ಸಾರ್ಟರ್ (ಬಣ್ಣ ನೋಡಿ ಕೆಟ್ಟ ಅಕ್ಕಿ ಬೇರೆ ಮಾಡುವ ಮಷಿನ್ನು) ಬಂದು ಇಳಿಯುತ್ತೆ. ಒಳಗಿನ ಕ್ಯಾಮೆರಾಗೆ ತೇವ ಹತ್ತಿದರೆ ಗತಿ ಏನು?

ಇಲ್ಲಿ ನನ್ನದೇ ಒಂದು ಕಥೆ ಹೇಳಿಬಿಡುತ್ತೇನೆ. ಸಿಂಧನೂರು ಕಡೆ ಒಂದು ದೊಡ್ಡ ಗೋದಾಮು. ಕಬ್ಬಿಣದ ಕಂಬದ ಶೆಡ್ಡು. ಕಂಬ ಕೂರಿಸುವ ಬೋಲ್ಟುಗಳನ್ನು ಕಾಂಕ್ರೀಟಿನಲ್ಲಿ ಮೊದಲೇ ಹುಗಿಯಬೇಕು. ಶೆಡ್ಡಿನವರು ಡ್ರಾಯಿಂಗು ಕಳಿಸಿದರು. ನಾನು ಬಹಳ ಚುರುಕು, ಮೂರೇ ದಿನಕ್ಕೆ ಬೋಲ್ಟು ತರಿಸಿ ಹದಿನಾರು ಪೆಡೆಸ್ಟಲ್ (ಕಂಬ ಕೂರುವ ಕಾಂಕ್ರೀಟಿನ ಪೀಠ) ಸುರಿಸಿಬಿಟ್ಟೆ. ಆಮೇಲೆ ಅವರಿಂದ ಇನ್ನೊಂದು ಡ್ರಾಯಿಂಗು ಬಂತು. ಮೂಲೆಯಲ್ಲಿ ಸಣ್ಣಗೆ "ಆರ್ 1" ಅಂತ, ಅಂದರೆ ಮೊದಲ ತಿದ್ದುಪಡಿ. ಬೋಲ್ಟಿನ ಅಂತರ 50 ಮಿಲಿಮೀಟರ್ ಬದಲಾಗಿತ್ತು. ನಾನು ಸುರಿದದ್ದು "ಆರ್ 0". ಮೊದಲ ಡ್ರಾಯಿಂಗಿನ ಮೇಲೆ "ಒಪ್ಪಿಗೆಗಾಗಿ" ಅಂತ ಮುದ್ರೆ ಇತ್ತು, "ಕೆಲಸಕ್ಕಾಗಿ" ಅಂತ ಇರಲಿಲ್ಲ. ನಾನು ಮುದ್ರೆ ಓದಲಿಲ್ಲ. ಬೋಲ್ಟು ಕತ್ತರಿಸಿ, ಡ್ರಿಲ್ ಹೊಡೆದು, ಕೆಮಿಕಲ್ ಹಾಕಿ ಹೊಸ ಬೋಲ್ಟು ಕೂರಿಸಲು ಮೂರು ವಾರ ಹೋಯಿತು. ತಡ ಮಾಡಿ ಬೈಸಿಕೊಂಡದ್ದು ಗೊತ್ತಿತ್ತು, ಅವಸರ ಮಾಡಿ ಬೈಸಿಕೊಂಡದ್ದು ಅದೇ ಮೊದಲು.

ಪ್ರಶ್ನೆ: ಹಾಲಿಗೆ ಟೈಲ್ಸ್ ಹಾಕುವಾಗ ಆರು ಪೆಟ್ಟಿಗೆ ಕಡಿಮೆ ಬಿತ್ತು. ಅದೇ ಅಂಗಡಿ, ಅದೇ ನಂಬರು ತರಿಸಿದರೂ ಬಣ್ಣ ಬೇರೆ. ಮೋಸವೇ?
(ಸಿಂಧನೂರು)

ಉತ್ತರ: ಮೋಸ ಅಲ್ಲ. ನಮ್ಮಲ್ಲಿಗೆ ಬರುವ ಟೈಲ್ಸ್ ಬಹುಪಾಲು ಗುಜರಾತಿನ ಮೋರ್ಬಿಯದು. ಒಂದು ಸಲ ಸುಟ್ಟ ಕಂತಿಗೂ ಇನ್ನೊಂದು ಕಂತಿಗೂ ಛಾಯೆ ಕೊಂಚ ವ್ಯತ್ಯಾಸ ಆಗುತ್ತೆ. ಅದಕ್ಕೇ ಪೆಟ್ಟಿಗೆ ಮೇಲೆ ಡಿಸೈನ್ ನಂಬರಿನ ಜೊತೆ ಬ್ಯಾಚು, ಶೇಡು ಅಂತ ಬೇರೆ ಬರೆದಿರುತ್ತಾರೆ. ಒಂದು ಕೋಣೆಗೆ ಬೇಕಾದದ್ದನ್ನು ನೂರಕ್ಕೆ ಹತ್ತು ಜಾಸ್ತಿ ಸೇರಿಸಿ ಒಂದೇ ಸಲ, ಒಂದೇ ಬ್ಯಾಚಿನಲ್ಲಿ ತರಿಸಬೇಕು. ಎರಡಡಿ ಚೌಕದ ಟೈಲ್ಸ್ ಪೆಟ್ಟಿಗೆಗೆ ನಾಲ್ಕು ಬರುತ್ತವೆ, ಎಣಿಸಲು ಸುಲಭ. ಈಗ ಬಂದಿರುವ ಆರು ಪೆಟ್ಟಿಗೆಯನ್ನು ಮಂಚದ ಕೆಳಗೆ ಅಥವಾ ಸ್ಟೋರ್ ರೂಮಿಗೆ ಹಾಕಿ. ಅಲ್ಲಿ ಮೊದಲಿನ ಬ್ಯಾಚಿನದೇ ಹಾಕಿದ್ದರೆ ಅದನ್ನು ಕಿತ್ತು ಹಾಲಿಗೆ ತರಬಹುದಾ ನೋಡಿ, ಇನ್ನೂ ಗಾರೆ ಹಿಡಿದಿಲ್ಲದಿದ್ದರೆ.

ಪ್ರಶ್ನೆ: ಅಣ್ಣಾ, ಡಿಪ್ಲೊಮಾ ಮುಗಿಸಿ ಬಳ್ಳಾರಿಯಲ್ಲಿ ಒಬ್ಬ ಕಾಂಟ್ರಾಕ್ಟರ್ ಹತ್ತಿರ ಸೇರಿ ಎಂಟು ತಿಂಗಳಾಯಿತು. ಸಾಮಾನಿನ ಶೆಡ್ಯೂಲ್ ಮಾಡುವುದು ನನ್ನ ಕೆಲಸ. ಸಪ್ಲೈಯರ್ ಎರಡು ವಾರ ಅಂದರೆ ಎರಡು ವಾರ ಹಾಕುತ್ತೇನೆ. ಯಾವುದೂ ಆ ದಿನಕ್ಕೆ ಬರಲ್ಲ. ಐದು ವಾರ ಹಾಕಿದರೆ ಸಾಹೇಬರು "ಟಿಬಿ (ತುಂಗಭದ್ರಾ) ಡ್ಯಾಮಿನ ಗೇಟನ್ನೇ ಒಂದು ವಾರದಲ್ಲಿ ಮಾಡಿಸಿ ಹಾಕಿದರು, ನಿನ್ನ ಒಂದು ರೋಲಿಂಗ್ ಶಟರ್‌ಗೆ ಐದು ವಾರವಾ?" ಅಂತ ರೇಗುತ್ತಾರೆ.
(ಸೈಟ್ ಎಂಜಿನಿಯರ್, ಬಳ್ಳಾರಿ)

ಉತ್ತರ: ತಮ್ಮಾ, ನಿಮ್ಮ ಸಾಹೇಬರ ಮಾತು ಕೇಳಿ ನಗು ಬಂತು. 2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಹೋಯಿತು. ಒಂದು ವಾರದಲ್ಲಿ ಅಲ್ಲಿ ತಾತ್ಕಾಲಿಕ ತಡೆ ಇಳಿಸಿದರು, ನಿಜ. ಆದರೆ ಅದು ಇಡೀ ಸರ್ಕಾರ ದಡದಲ್ಲಿ ನಿಂತು, ವರ್ಕ್‌ಶಾಪಿನವರು ಬೇರೆ ಕೆಲಸ ಬದಿಗಿಟ್ಟು, ಹಗಲು ರಾತ್ರಿ ಎನ್ನದೆ ಮಾಡಿದ್ದು. ನಿನ್ನ ಶಟರಿಗೆ ಯಾರು ನಿದ್ದೆಗೆಡುತ್ತಾರೆ? ಅದು ಅಂಗಡಿಯ ಸಾಲಿನಲ್ಲಿ ಹನ್ನೊಂದನೇ ನಂಬರು.

ಸಪ್ಲೈಯರ್ ಸುಳ್ಳು ಹೇಳಲಿಲ್ಲ. ನೀನು ಕೇಳಿದ ಪ್ರಶ್ನೆ ಅರ್ಧ. "ಎರಡು ವಾರ" ಅಂದಾಗ ಕೇಳಬೇಕು: ಯಾವತ್ತಿನಿಂದ? ಎಲ್ಲಿಯವರೆಗೆ? ಸಾಮಾನ್ಯವಾಗಿ ಅವನ ಎರಡು ವಾರ ಶುರುವಾಗುವುದು ಅಡ್ವಾನ್ಸ್ ಬಿದ್ದು, ಅಳತೆ ಒಪ್ಪಿಗೆ ಆದ ಮೇಲೆ. ಮುಗಿಯುವುದು ಅವನ ಅಂಗಡಿ ಬಾಗಿಲಲ್ಲಿ. ನಿನ್ನ ಎರಡು ವಾರ ಶುರುವಾಗುವುದು ನೀನು ಫೋನ್ ಮಾಡಿದ ದಿನ, ಮುಗಿಯುವುದು ನಿನ್ನ ಸೈಟಿನಲ್ಲಿ.

ಅದೇ ಶಟರಿನ ಲೆಕ್ಕ ಹಾಕು. ಕೊಟೇಶನ್ ಬರಲು ನಾಲ್ಕು ದಿನ. ಸಾಹೇಬರು ಮೂರು ಕೊಟೇಶನ್ ಮುಂದಿಟ್ಟುಕೊಂಡು ಯೋಚಿಸಲು ಏಳು ದಿನ. ಆರ್ಡರ್ ಕಾಗದ, ಅಡ್ವಾನ್ಸ್ ಮೂರು ದಿನ. ಅಳತೆ ತೆಗೆದು ಒಪ್ಪಿಗೆ ಪಡೆಯಲು ಏಳು. ತಯಾರಿಕೆ ಹದಿನಾಲ್ಕು, ಅವನು ಹೇಳಿದ್ದು ಇದೊಂದನ್ನೇ. ಸಾಗಣೆ ಮೂರು. ಇಳಿಸಿ ನೋಡಲು ಒಂದು. ಒಟ್ಟು 39 ದಿನ. ಐದೂವರೆ ವಾರ ಆಯಿತಾ? ಇದರಲ್ಲಿ ಅಂಗಡಿಯವನದು 14, ಸಾಹೇಬರದೇ ಹತ್ತಿರ ಹತ್ತಿರ 10. ಈ ಏಳು ಅಂಕಿಗಳನ್ನು ಒಂದರ ಕೆಳಗೊಂದು ಬರೆದು ಅವರ ಮುಂದಿಡು. ರೇಗಲಿ, ಪರವಾಗಿಲ್ಲ. ಮುಂದಿನ ಸಲ ಕೊಟೇಶನ್ ಎರಡು ದಿನದಲ್ಲಿ ಸಹಿಯಾಗಿ ಬರುತ್ತೆ ನೋಡು.

ಇನ್ನು ಎಷ್ಟು ದಿನ ಜಾಸ್ತಿ ಇಟ್ಟುಕೊಳ್ಳಬೇಕು ಅನ್ನುವುದು. ಎಲ್ಲಕ್ಕೂ ಸುಮ್ನೆ ಒಂದು ವಾರ ಸೇರಿಸುವುದು ಬೇಡ. ಹಳೆಯ ಗೇಟ್ ಎಂಟ್ರಿ ಪುಸ್ತಕ ತೆಗೆ. ಅದೇ ಸಾಮಾನು, ಅದೇ ಸಪ್ಲೈಯರ್, ಹಿಂದಿನ ಐದು ಸಲ ಎಷ್ಟು ದಿನಕ್ಕೆ ಬಂತು? ನನ್ನ ಪುಸ್ತಕದಲ್ಲಿ ಒಂದು ಸಾಲು ಹೀಗಿದೆ: ಹೇಳಿದ್ದು 15. ಬಂದದ್ದು 15, 17, 18, 19, 30. ಐದರಲ್ಲಿ ನಾಲ್ಕು ಸಲ 19 ದಿನದೊಳಗೆ ಬಂದಿದೆ. ಆ 30 ಲಾರಿ ಮುಷ್ಕರದ ಸಲದ್ದು. ಈ ಸಾಮಾನು ಬಾರದಿದ್ದರೂ ಬೇರೆ ಕೋಣೆಯಲ್ಲಿ ಕೆಲಸ ನಡೆಯುತ್ತೆ ಅನ್ನುವುದಾದರೆ ನಾನು 19 ಹಾಕುತ್ತೇನೆ. ಇದು ಬಾರದಿದ್ದರೆ ಇಪ್ಪತ್ತೈದು ಆಳು ಕೂರಬೇಕಾಗುತ್ತೆ ಅನ್ನುವುದಾದರೆ 30 ಹಾಕುತ್ತೇನೆ. ಬೇಗ ಬಂದರೆ ಮೂಲೆಯಲ್ಲಿ ಇಟ್ಟುಕೊಳ್ಳೋಣ.

ಆಳು ಕೂರಿಸುವ ಸಾಮಾನು ಯಾವಾಗಲೂ ದೊಡ್ಡದೇ ಆಗಿರಬೇಕಿಲ್ಲ. ಒಂದು ಸ್ಲ್ಯಾಬಿನ ದಿನ ನೆನಪಾಗುತ್ತೆ. ಬೆಳಗ್ಗೆ ಆರೂವರೆ. ಮಿಕ್ಸರ್ ಲಿಫ್ಟು ನಿಂತಿದೆ, ಕಡಿ, ಉಸುಕು ರಾಶಿ ಬಿದ್ದಿದೆ, ಉಪ್ಪಿಟ್ಟು ತಿಂದು ಆಳುಗಳು ಬುಟ್ಟಿ ಹಿಡಿದು ನಿಂತಿದ್ದಾರೆ. ಎಲೆಕ್ಟ್ರಿಷಿಯನ್ ಮೇಲೆ ಹತ್ತಿ ನೋಡಿದ, ಕಾಂಕ್ರೀಟಿಗೆ ಮೊದಲೇ ಇಡಬೇಕಾದ ಫ್ಯಾನ್ ಬಾಕ್ಸ್ ನಾಲ್ಕು ಕಡಿಮೆ. ಪೇಟೆಯಲ್ಲಿ ಅಂಗಡಿ ತೆಗೆಯುವುದೇ ಹತ್ತು ಗಂಟೆಗೆ. ಗೊತ್ತಿದ್ದವರ ಮನೆಗೆ ಹೋಗಿ, ಮಲಗಿದ್ದವರನ್ನು ಎಬ್ಬಿಸಿ, ಅಂಗಡಿ ಬೀಗ ತೆಗೆಸಿದೆವು. ಅಷ್ಟರಲ್ಲಿ ಒಂಬತ್ತಾಯಿತು. ಕೊನೆಯ ಬುಟ್ಟಿ ಬಿದ್ದದ್ದು ಕತ್ತಲಲ್ಲಿ, ಟ್ರ್ಯಾಕ್ಟರಿನ ಲೈಟಿನ ಬೆಳಕಿಗೆ. ಅವತ್ತಿನಿಂದ ನನ್ನ ಶೆಡ್ಯೂಲಿನಲ್ಲಿ ಫ್ಯಾನ್ ಬಾಕ್ಸಿಗೂ, ರಾಡಿನ ಕೆಳಗಿಡುವ ಕವರ್ ಬ್ಲಾಕಿಗೂ ಬೇರೆ ಬೇರೆ ಸಾಲು ಇದೆ. ಓದಿದವರು ನಗುತ್ತಾರೆ, ನಗಲಿ.

ಪ್ರಶ್ನೆ: ಸಾಮಾನು ಬಂದು ಬಿದ್ದಿದೆ, ಆಳೇ ಇಲ್ಲ. ಇದಕ್ಕೂ ಲೆಕ್ಕ ಇದೆಯಾ?
(ಕೊಪ್ಪಳ)

ಉತ್ತರ: ಇದೆ. ಜನವರಿಯಲ್ಲಿ ಗವಿಸಿದ್ಧೇಶ್ವರ ಜಾತ್ರೆ ಹೊತ್ತಿಗೆ ನಮ್ಮೂರಲ್ಲಿ ಆಳು ಸಿಗಲ್ಲ, ಲಾರಿ ಊರೊಳಗೆ ಬರುವುದೂ ಕಷ್ಟ. ಅಲಾಯಿ (ಮೊಹರಂ) ಹಬ್ಬಕ್ಕೆ ಬೆಂಗಳೂರಿಗೆ ದುಡಿಯಲು ಹೋದವರೂ ಊರಿಗೆ ಬರುತ್ತಾರೆ, ಇದ್ದವರೂ ರಜೆ ಹಾಕುತ್ತಾರೆ. ಭತ್ತದ ನಾಟಿ, ಕೊಯ್ಲಿನಲ್ಲಿ ಗಂಗಾವತಿ ಕಡೆಯವರನ್ನು ಕಾಯುವುದು ವ್ಯರ್ಥ. ಈ ದಿನಗಳನ್ನು ಕ್ಯಾಲೆಂಡರಿನಲ್ಲಿ ಕೆಂಪು ಮಾಡಿ, ಅವುಗಳ ಹಿಂದಿನ ವಾರ ಲೋಡ್ ತರಿಸಬೇಡಿ. ಏಪ್ರಿಲ್, ಮೇನಲ್ಲಿ ನೀರೂ ಒಂದು ಸಾಮಾನೇ. ಬೋರು ಬತ್ತುವ ಓಣಿಯಾದರೆ ಟ್ಯಾಂಕರಿನವರಿಗೆ ಸ್ಲ್ಯಾಬಿಗೆ ಮೊದಲೇ ಹೇಳಿಟ್ಟಿರಬೇಕು.

ಪ್ರಶ್ನೆ: ಅಕ್ಷಯ ತದಿಗೆಗೆ ಗೃಹಪ್ರವೇಶ ಅಂತ ನೆಂಟರಿಗೆಲ್ಲ ಹೇಳಿಯಾಗಿದೆ. ಪ್ಲಾಸ್ಟರ್ ಮುಗಿದಿದೆ. ಟೈಲ್ಸ್, ಅಡುಗೆ ಕಟ್ಟೆ, ಬಾಗಿಲು, ಬಣ್ಣ, ಮೀಟರ್ ಎಲ್ಲ ಬಾಕಿ. ಎರಡೂವರೆ ತಿಂಗಳಲ್ಲಿ ಆಗುತ್ತಾ?
(ಸಿರುಗುಪ್ಪ)

ಉತ್ತರ: ಆಗುತ್ತೆ ತಾಯಿ, ಈ ವಾರ ಕೂತು ಆರಿಸುವುದನ್ನು ಆರಿಸಿಬಿಟ್ಟರೆ. ಮೀಟರಿನ ಅರ್ಜಿ, ಕಾಗದಪತ್ರ ಮೊದಲು. ಬಾಗಿಲು ಅದೇ ದಿನ ಹೇಳಿ. ಟೈಲ್ಸ್ ಬಣ್ಣ ನಿಮಗೂ ಯಜಮಾನರಿಗೂ ಹೊಂದುವವರೆಗೆ ಕಾದರೆ ಅದೇ ಇಪ್ಪತ್ತು ದಿನ ತಿನ್ನುತ್ತೆ, ಒಬ್ಬರೇ ಆರಿಸಿ. ಗೋಡೆ ಒಣಗದೆ ಪ್ರೈಮರ್ ಹೊಡೆಸಬೇಡಿ, ಬಣ್ಣದವರು ಅವಸರ ಮಾಡಿದರೂ ಬೇಡ. ಅಡುಗೆಮನೆ ಕಟ್ಟೆಗೆ ಗ್ರಾನೈಟ್ ಕೂತ ಮೇಲೆಯೇ ಕೆಳಗಿನ ಕಪಾಟಿನ ಅಳತೆ ತೆಗೆಯುತ್ತಾರೆ, ಆಮೇಲೆ ಅದಕ್ಕೆ ಮೂರು, ನಾಲ್ಕು ವಾರ. ಹಾಗಾಗಿ ಕಟ್ಟೆ ಈ ತಿಂಗಳೇ ಮುಗಿಯಲಿ. ಕಲ್ಲಿನಲ್ಲಿ ಕೊರೆದು ಕೂರಿಸುವ ಒಲೆ ಹಾಕಿಸುವುದಾದರೆ, ಒಲೆಯನ್ನು ಕೊಂಡು ಅದರ ಅಳತೆ ಚೀಟಿಯನ್ನು ಕಲ್ಲು ಕೊರೆಯುವವರ ಕೈಗೆ ಕೊಡಿ. ಆಮೇಲೆ ಕೊಂಡರೆ ಒಲೆ ತೂತಿಗಿಂತ ಅರ್ಧ ಇಂಚು ದೊಡ್ಡದಿರುತ್ತೆ. ಅವತ್ತು ಹಾಲು ಉಕ್ಕಿಸಬೇಕಲ್ವಾ.